ಟೊಳ್ಳು ಬೂಸ್ಟರ್

ಎಂಜಿನ್ನಿನಲ್ಲಿ ಯಾವ ಕ್ಯಾಮ್ ಹಾಕಿದ್ದೀಯ ಎಂದು ಯಾರಾದರೂ ಕೇಳಿದರೆ ನಿಜ ಹೇಳಬಾರದು. ನಮ್ಮ ಕಣಿವೆಯಲ್ಲಿ ಹಳೆಯ ಕಾರು ಕಟ್ಟುವವರ ಮೊದಲ ಪಾಠ ಇದು. ಒಳಗೆ ಎಂಥ ಭಾರಿ ಸಾಮಾನು ತುಂಬಿಸಿದ್ದರೂ, ಬಾನೆಟ್ ಎತ್ತಿ ಬಗ್ಗಿ ನೋಡುವವನಿಗೆ ಹೇಳುವ ಮಾತು ಒಂದೇ: "ಎಲ್ಲಾ ಕಾರ್ಖಾನೆಯಿಂದ ಬಂದಿದ್ದೇ ಕಣೋ, ನಾನು ಬರೀ ಆಯಿಲ್ ಬದಲಾಯಿಸಿದೀನಿ." ಕೇಳಿದವನಿಗೂ ಅದು ಸುಳ್ಳೆಂದು ಗೊತ್ತು. ಎಷ್ಟು ಸುಳ್ಳು, ಯಾವ ಮೂಲೆಯಲ್ಲಿದೆ ಸುಳ್ಳು ಎಂಬುದಷ್ಟೇ ಗೊತ್ತಿಲ್ಲ. ಅದನ್ನು ಪತ್ತೆ ಹಚ್ಚುವುದೇ ನಮ್ಮ ಭಾನುವಾರದ ಆಟ. ನಾನು, ಇರ್ಮಾ ಹ್ಲಾವಾಟಿ, ಇಪ್ಪತ್ತೆಂಟು ವರ್ಷ ಲೇತ್ ಮುಂದೆ ನಿಂತು ಕಬ್ಬಿಣ ಕೊರೆದವಳು, ಆ ಆಟದಲ್ಲಿ ಇಡೀ ಕ್ರೆಸ್ಟನ್ ಊರಿನ ಗಂಡಸರನ್ನು ಸೋಲಿಸಿದ್ದೆ. ಅದರ ಜಂಬವೂ ನನಗಿತ್ತು. ಇರಲಿಲ್ಲ ಎಂದರೆ ಅದೊಂದು ಸುಳ್ಳಾಗುತ್ತದೆ.

ನನ್ನ ಮಗಳು ಲಿಡಿಯಾಳ ಮದುವೆಯ ದಿನ, ಶನಿವಾರ ಮಧ್ಯಾಹ್ನ, ನಾನು ನದಿ ದಡದಲ್ಲಿ ಅಗ್ನಿಶಾಮಕ ದಳದವರ ಫೈರ್ ಹಾಲ್‌ನಲ್ಲಿ ಕುಕಿ ಮೇಜು ಜೋಡಿಸುತ್ತಿದ್ದೆ. ಚರ್ಚಿನಲ್ಲಿ ಮದುವೆ ಮುಗಿದಿತ್ತು. ಹುಡುಗ ಹುಡುಗಿ ಇನ್ನೂ ಗುಡ್ಡದ ಮೇಲೆ ಫೋಟೊಗೆ ನಿಂತಿದ್ದರು. ನಮ್ಮಲ್ಲಿ ಮದುವೆಯ ಕೇಕ್ ಹಾಳಾದರೆ ಯಾರೂ ಕೇಳುವುದಿಲ್ಲ, ನೆಂಟರೆಲ್ಲ ಮನೆಯಲ್ಲಿ ಮಾಡಿ ತಂದ ಬಿಸ್ಕತ್ತುಗಳ ಕುಕಿ ಮೇಜು ಬಡವಾಗಿ ಕಂಡರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಹಾಗಾಗಿ ಫೋಟೊ ಬಿಟ್ಟು ಮೊದಲೇ ಇಳಿದು ಬಂದಿದ್ದೆ. ಅಕ್ರೋಟ್ ಸುರುಳಿಗಳ ತಟ್ಟೆಯನ್ನು ನನ್ನ ನಾದಿನಿ ತಂದ ಒಣಕಲು ಬಿಸ್ಕತ್ತುಗಳ ಮುಂದಕ್ಕೆ ತಳ್ಳುತ್ತಿರುವಾಗ ಜೆಡೊ ಬಂದರು.

ನಮ್ಮ ಹಿರಿಯರ ಮಾತಿನಲ್ಲಿ ಜೆಡೊ ಎಂದರೆ ಅಜ್ಜ, ಇಡೀ ಊರಿಗೇ ಅವರು ಅಜ್ಜ. ಸ್ಟೀವನ್ ಪಾಲ್ಕೊ ಎಂಬ ಅವರ ಹೆಸರು ಟೆಲಿಫೋನ್ ಬಿಲ್ಲಿನವರಿಗೆ ಮಾತ್ರ ಗೊತ್ತು. ಎಪ್ಪತ್ತೊಂಬತ್ತು ವರ್ಷ. ಈಗಲೂ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕೂತು ಹಳೆಯ ಬ್ರೇಕ್ ಸಾಮಾನು ಬಿಚ್ಚಿ, ತೊಳೆದು, ಹೊಸದರಂತೆ ಕಟ್ಟಿ ಕೊಡುತ್ತಾರೆ. ಅವರು ಮುಟ್ಟಿದ ಬ್ರೇಕ್ ಕೈ ಕೊಟ್ಟ ಕತೆಯನ್ನು ನಾನು ಕೇಳಿಲ್ಲ.

"ಏನಮ್ಮಾ ಇರ್ಮಾ, ನೀನು ಕಟ್ಟಿದ ಕಾರೇ ಕಾಣಲ್ಲ. ಹುಡುಗಿ ಅದ್ರಲ್ಲೇ ಬರ್ತಾಳೆ ತಾನೆ?"

"ಅದ್ರಲ್ಲೇ ಜೆಡೊ. ಅವಳೇ ಓಡಿಸ್ತಾಳೆ. ನಮ್ಮ ಅಳಿಯನಿಗೆ ಕ್ಲಚ್ ತುಳಿಯೋಕೆ ಬರಲ್ಲ. ಇಸ್ಕೂಲ್ ಮೇಷ್ಟ್ರು, ಪಾಪ."

ಅವರು ನಕ್ಕು, ಒಂದು ಸುರುಳಿ ಬಾಯಿಗೆ ಹಾಕಿಕೊಂಡರು. "ಪೆಡಲ್ ಹೇಗಿದೆ? ಆ ಮಾಸ್ಟರ್ ಸಿಲಿಂಡರ್‌ಗೆ ನಾನು ಪಟ್ಟ ಪಾಡು ಕೇಳು. ಮೊದಲು ಬಂದ ಪಿಸ್ಟನ್ ಆಳದ ಗುಂಡಿದು. ಬೂಸ್ಟರ್ ಇಲ್ಲದ ಕಾರಿನದ್ದು. ನಮ್ಮ ಇರ್ಮಾ ಕಾರಲ್ಲಿ ಬೂಸ್ಟರ್ ಇದ್ಯಲ್ಲಪ್ಪಾ, ಇದ್ಯಾಕೆ ಅಂತ ವಾಪಸ್ ಕಳಿಸ್ದೆ. ಸರಿಯಾದ್ದು ತರಿಸಿ ಹಾಕಿದೀನಿ. ಗುಂಡಿ ಆಳ ಇಲ್ಲದ್ದು."

ನಾನು ತಟ್ಟೆಯಿಂದ ಕೈ ತೆಗೆದೆ.

ಇಲ್ಲಿ ನನ್ನ ಸುಳ್ಳನ್ನು ಬಿಡಿಸಿ ಹೇಳಬೇಕು. ಲಿಡಿಯಾಳ ಮದುವೆಗೆ ಉಡುಗೊರೆ ಎಂದು ನಾನು ಆರು ವರ್ಷ ಕಟ್ಟಿದ ಆ ಹಸಿರು ಶೆವೆಲ್, ಎಪ್ಪತ್ತನೇ ಇಸವಿಯದ್ದು. ಜನವರಿಯಲ್ಲಿ ಅದರ ಕ್ಯಾಮ್, ಎಂದರೆ ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ ದಂಡ, ಅದನ್ನು ಕಿತ್ತು ಒಂದು ಒರಟು ಕ್ಯಾಮ್ ಹಾಕಿದೆ. ಶಕ್ತಿ ಹೆಚ್ಚಿತು, ಆದರೆ ಎಂಜಿನ್ ಗಾಳಿ ಎಳೆಯುವುದು ಕಡಿಮೆಯಾಯಿತು. ಕಾಲಿನ ಒತ್ತನ್ನು ಹೆಚ್ಚಿಸಿ ಬ್ರೇಕಿಗೆ ಕೊಡುವ ದುಂಡನೆಯ ಕಬ್ಬಿಣದ ಡಬ್ಬಿ ಇದೆಯಲ್ಲ, ಬೂಸ್ಟರ್, ಅದು ಬದುಕುವುದೇ ಆ ಎಳೆತದ ಮೇಲೆ. ಎಳೆತ ಸಾಲದೆ ಅದು ಸತ್ತು ಹೋಯಿತು. ಬೇರೆಯವರಾಗಿದ್ದರೆ ಡಬ್ಬಿ ಕಿತ್ತು ಬಿಸಾಡುತ್ತಿದ್ದರು. ನಾನು ಕಿತ್ತರೆ, ಬಾನೆಟ್ ಎತ್ತಿದವನು ಖಾಲಿ ಜಾಗ ನೋಡಿ ಕ್ಯಾಮ್‌ನ ಗುಟ್ಟು ಹಿಡಿದುಬಿಡುತ್ತಾನೆ. ಅದಕ್ಕೆ ಡಬ್ಬಿಯನ್ನು ಸೀಳಿ, ಒಳಗಿನ ಕರುಳೆಲ್ಲ ತೆಗೆದು, ಪೆಡಲಿನಿಂದ, ಕಾಲಿನ ಒತ್ತನ್ನು ಎಣ್ಣೆಯ ಮೂಲಕ ನಾಲ್ಕೂ ಗಾಲಿಗೆ ಕಳಿಸುವ ಮಾಸ್ಟರ್ ಸಿಲಿಂಡರ್‌ಗೆ ನೇರ ಒಂದು ಕಡ್ಡಿ ತೂರಿಸಿ, ಮತ್ತೆ ಬೆಸೆದು, ಬಣ್ಣ ಬಳಿದು ಕೂರಿಸಿದೆ. ಹೊರಗೆ ಬೂಸ್ಟರ್, ಒಳಗೆ ಬರೀ ಗಾಳಿ. ನನ್ನ ಜೀವಮಾನದ ಅತಿ ಚಂದದ ಕೆಲಸ ಅದು. ಜೆಡೊ ಕೂಡ ಅದರ ಮೇಲೆ ಬೆರಳಾಡಿಸಿ ಏನೂ ಅನುಮಾನಪಟ್ಟಿರಲಿಲ್ಲ.

ಬೂಸ್ಟರ್ ಇಲ್ಲದ ಕಾರಿನಲ್ಲಿ ಆ ಕಡ್ಡಿಯ ತುದಿ ಸಿಲಿಂಡರಿನೊಳಗೆ ಸರಿಯುವ ಪಿಸ್ಟನ್ನಿನ ಬೆನ್ನಿಗಿರುವ ಗುಂಡಿಯಲ್ಲಿ ಕೂರುತ್ತದೆ. ಆಳದ ಗುಂಡಿಯಾದರೆ ಕಿರುಬೆರಳು ಪೂರ್ತಿ ಮುಳುಗುತ್ತದೆ. ಪೆಡಲ್ ಎಷ್ಟು ಕುಣಿದರೂ ಕಡ್ಡಿ ಅಲ್ಲೇ ಇರುತ್ತದೆ. ಆಳವಿಲ್ಲದ್ದರಲ್ಲಿ ಉಗುರು ಮುಳುಗಿದರೆ ಹೆಚ್ಚು. ಕಡ್ಡಿಯ ಕೊರಳಿಗೆ ತೊಡಿಸಿದ ರಬ್ಬರಿನ ಹಿಡಿತ ಇರುವಷ್ಟು ದಿನ ಸರಿ. ಆಮೇಲೆ ಒಂದು ದಿನ ಪೆಡಲಿನಿಂದ ಕಾಲೆತ್ತಿದಾಗ ಕಡ್ಡಿ ಜಾರಿ ಕೆಳಗೆ ಬೀಳುತ್ತದೆ. ಮುಂದಿನ ಸಲ ಒತ್ತಿದರೆ ಪೆಡಲ್ ಬೆಣ್ಣೆಯಲ್ಲಿ ಇಳಿದ ಹಾಗೆ ನೆಲಕ್ಕೆ ಹೋಗುತ್ತದೆ. ಬ್ರೇಕ್ ಕಡಿಮೆಯಾಗುವುದಲ್ಲ, ಇಲ್ಲವೇ ಇಲ್ಲ.

ಜನವರಿಯಿಂದ ಕಾರಿನಲ್ಲಿ ಆಳದ ಗುಂಡಿಯ ಹೊಸ ಸಿಲಿಂಡರ್ ಇತ್ತು. ಒಳ್ಳೆಯದೇ. ಆದರೆ ಹೊಳೆಯುತ್ತಿತ್ತು, ಬಜಾರಿನ ಮಾಲು ಎಂದು ಕೂಗಿ ಹೇಳುತ್ತಿತ್ತು. ಮದುವೆಯ ಸಂಜೆ ಹಾಲ್ ಮುಂದೆ ಎಲ್ಲರೂ ಬಾನೆಟ್ ಎತ್ತುತ್ತಾರೆ. ಆ ಹೊತ್ತಿಗೆ ಕಾರಿನದೇ ಹಳೆಯ ಸಿಲಿಂಡರ್ ಅಲ್ಲಿರಬೇಕೆಂದು ಜೆಡೊಗೆ ಕೊಟ್ಟು ಕಟ್ಟಿಸಿದೆ. ಆಳದ ಗುಂಡಿ ಬೇಕು ಎಂದರೆ ಯಾಕೆ ಎಂದು ಕೇಳುತ್ತಾರೆ. ಹಾಗಾಗಿ ಬಾಯಿ ಬಿಡಲಿಲ್ಲ. ಬಂದ ಮೇಲೆ ನೋಡಿಕೊಂಡು ನಾನೇ ಪಿಸ್ಟನ್ ಬದಲಿಸೋಣ ಎಂದುಕೊಂಡಿದ್ದೆ. ಸಿಲಿಂಡರ್ ಬ್ರೆಡ್ಡಿನ ಚೀಲದಲ್ಲಿ ಸುತ್ತಿ ಬಂತು, ಗುರುವಾರ, ಎರಡು ಸುತ್ತಿನ ಕುಕಿ ಒಲೆಯಲ್ಲಿರುವಾಗ. ಹಿಂದಿನ ಬಿರಡೆ ತೆಗೆದೆ, ಕಡ್ಡಿ ಕೂರಿಸಿದೆ, ಬಿಗಿದೆ. ಗುಂಡಿಗೆ ಬೆರಳಿಟ್ಟು ನೋಡಲಿಲ್ಲ.

"ಜೆಡೊ," ಎಂದೆ, "ಬೂಸ್ಟರ್ ಟೊಳ್ಳು."

"ಏನಂದೆ?"

"ಒಳಗೇನೂ ಇಲ್ಲ. ಬರೀ ಕಡ್ಡಿ. ಕ್ಯಾಮ್ ಬದಲಾಯಿಸಿದೀನಿ."

ಅವರ ದವಡೆ ಅಗಿಯುವುದನ್ನು ನಿಲ್ಲಿಸಿತು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ಫೋನ್ ಮಾಡು," ಎಂದರು.

ಲಿಡಿಯಾಳ ಫೋನು ಮದುವೆಯ ಉಡುಪಿನಲ್ಲಿ ಎಲ್ಲಿರಬೇಕು? ಅವಳ ಗೆಳತಿ ಜಿಲ್‌ಳ ಕೈಚೀಲದಲ್ಲಿತ್ತು. ಜಿಲ್ ಎತ್ತಿದಳು. ಹಿಂದೆ ಹಾರ್ನ್‌ಗಳ ಗದ್ದಲ.

"ಆಂಟಿ, ಹೊರಟ್ವಿ. ನಾನು ಹಿಂದಿನ ಕಾರಲ್ಲಿದೀನಿ. ಈಗ ಸ್ಮಶಾನದ ಹತ್ರ ಅಜ್ಜಿ ಸಮಾಧಿಗೆ ಹಾರ್ನ್ ಹೊಡೆದು, ಫರ್ನೇಸ್ ಹಿಲ್ ಇಳೀತೀವಿ."

"ಅವಳನ್ನ ನಿಲ್ಲಿಸು ಜಿಲ್. ಹಾರ್ನ್ ಹೊಡಿ, ಲೈಟ್ ಹಾಕು."

"ಹೊಡೀತಾನೇ ಇದೀವಲ್ಲಾ ಆಂಟಿ," ಎಂದು ನಕ್ಕಳು. ಗದ್ದಲದಲ್ಲಿ ಆಮೇಲೆ ನಾನು ಅಂದದ್ದು ಅವಳಿಗೆ ಕೇಳಿಸಲಿಲ್ಲ, ಫೋನು ಸತ್ತಿತು.

ಮದುವೆಯ ದಿಬ್ಬಣದಲ್ಲಿ ಎಲ್ಲರೂ ಹಾರ್ನ್ ಹೊಡೆಯುತ್ತಾರೆ. ಎಚ್ಚರಿಕೆಗೆ ಹೊಡೆದ ಹಾರ್ನ್ ಯಾವುದೆಂದು ಯಾರಿಗೆ ಗೊತ್ತಾಗಬೇಕು?

ನನ್ನ ಪಿಕಪ್ಪಿಗೆ ಓಡಿದೆ. ಜೆಡೊ ಕರೆಯದೆಯೇ ಪಕ್ಕದಲ್ಲಿ ಹತ್ತಿ ಕೂತರು. ರೈಲು ಹಳಿ ದಾಟಿದರೆ ಫರ್ನೇಸ್ ಹಿಲ್ ಅಲ್ಲಿಂದಲೇ ಏರುತ್ತದೆ. ಒಂದೂವರೆ ಮೈಲಿ, ನಾಲ್ಕು ತಿರುವು, ಎಡಕ್ಕೆ ಬಂಡೆ, ಬಲಕ್ಕೆ ಮನೆಗಳ ಮಾಡು ಕಾಣುವಷ್ಟು ಆಳ. ಕೆಳಗೆ ಬಂದು ರಸ್ತೆ ನೆಟ್ಟಗೆ ಹಳಿಯ ಮೇಲೆಯೇ ಮುಗಿಯುತ್ತದೆ. ಈ ಗುಡ್ಡದಲ್ಲಿ ನಾನು ಸಾವಿರ ಸಲ ಇಳಿದಿದ್ದೇನೆ. ಅವತ್ತು ಹತ್ತುವಾಗ ಪ್ರತಿ ತಿರುವಿನಲ್ಲೂ ಹಸಿರು ಬಣ್ಣ ಹುಡುಕಿದೆ, ರಸ್ತೆಯ ಮೇಲಲ್ಲ, ಕೆಳಗಿನ ಪೊದೆಗಳಲ್ಲಿ. ಅಷ್ಟು ಹೆದರಿದ್ದೆ.

"ಹ್ಯಾಂಡ್ ಬ್ರೇಕ್ ಇದ್ಯಲ್ಲಾ," ಎಂದರು ಜೆಡೊ. "ಅವಳು ಜಾಣೆ. ಅದನ್ನ ತುಳೀತಾಳೆ."

ಈ ಕಾರಿನಲ್ಲಿ ಹ್ಯಾಂಡ್ ಬ್ರೇಕ್ ಎಂದರೆ ಎಡಗಾಲಿನಲ್ಲಿ ತುಳಿಯುವ ಸಣ್ಣ ಪೆಡಲ್. ನಾನು ಗೇರ್ ಇಳಿಸಿದೆ.

"ಇರ್ಮಾ."

"ಮಾರ್ಚಲ್ಲಿ ದಪ್ಪ ಸೈಲೆನ್ಸರ್ ಕೊಳವೆ ಹಾಕ್ದೆ ಜೆಡೊ. ಹ್ಯಾಂಡ್ ಬ್ರೇಕ್ ಕೇಬಲ್‌ಗೆ ತಾಗ್ತಿತ್ತು. ಬಿಚ್ಚಿದೆ. ಪೆಡಲ್ ಹಾಗೇ ಇದೆ. ತುಳಿದರೆ ಕಟಕಟ ಅನ್ನುತ್ತೆ, ಅಷ್ಟೆ."

ಜೆಡೊ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಅದನ್ನು ನೋಡಿ ನಾನು ಆಕ್ಸಿಲರೇಟರ್ ಇನ್ನಷ್ಟು ಅದುಮಿದೆ. ಚರ್ಚಿಗೆ ಬಂದರೂ ಹೊರಗೆ ನಿಂತು ಸಿಗರೇಟು ಸೇದುವ ಮನುಷ್ಯ ಅವರು.

ಎರಡನೆಯ ತಿರುವಿನಲ್ಲಿ ಎಂಜಿನ್ನಿನ ಸದ್ದು ಮೊದಲು ಕೇಳಿತು. ಆ ಒರಟು ಕ್ಯಾಮ್‌ನ ಗುಡುಗುಡು, ನಾನು ಹೆಮ್ಮೆಪಟ್ಟಿದ್ದ ಸದ್ದು. ಆಮೇಲೆ ಹಸಿರು ಮೂತಿ, ಅದಕ್ಕೆ ಕಟ್ಟಿದ ಬಿಳಿ ರಿಬ್ಬನ್. ಕಿಟಕಿಗಳೆಲ್ಲ ತೆರೆದಿದ್ದವು, ಮುಸುಕು ಹೊರಗೆ ಹಾರುತ್ತಿತ್ತು. ನಾನು ಲೈಟು ಮಿಟುಕಿಸಿದೆ, ಹಾರ್ನ್ ಅದುಮಿ ಹಿಡಿದೆ, ಕೈ ಹೊರಗೆ ಚಾಚಿ ನಿಲ್ಲು ನಿಲ್ಲು ಎಂದು ಬೀಸಿದೆ. ಲಿಡಿಯಾ ನನ್ನನ್ನು ನೋಡಿ ಬಾಯ್ತುಂಬ ನಕ್ಕು, ತಾನೂ ಕೈ ಬೀಸಿ, ಉದ್ದಕ್ಕೆ ಹಾರ್ನ್ ಹೊಡೆಯುತ್ತ ಪಕ್ಕದಲ್ಲಿ ಹಾದು ಹೋದಳು. ಅಳಿಯ ಕರ್ಟಿಸ್ ಕೂಡ ಕೈ ಬೀಸಿದ. ಅಮ್ಮನಿಗೆ ಇವತ್ತು ಖುಷಿ ಜಾಸ್ತಿಯಾಗಿದೆ ಎಂದುಕೊಂಡಿರಬೇಕು.

ಹಿಂದೆ ಬರುತ್ತಿದ್ದ ಜಿಲ್‌ಳ ಕಾರಿಗೆ ಅಡ್ಡ ಹಾಕಿ, ಬಂಡೆಗೆ ಬಂಪರ್ ಉಜ್ಜಿ, ಪಿಕಪ್ ತಿರುಗಿಸಿದೆ. ಯಾರೋ ಬೈದರು. ಮೂರನೆಯ ಗೇರಿನಲ್ಲಿ ಇಳಿಯುತ್ತ ಶೆವೆಲ್‌ನ ಬೆನ್ನು ಹಿಡಿದೆ.

ಅವಳ ಬ್ರೇಕ್ ದೀಪ ಕೆಂಪಗೆ ಹೊತ್ತಿತು, ಆರಿತು. ಮತ್ತೆ ಹೊತ್ತಿತು, ಆರಿತು. ಒಂದೊಂದು ಸಲ ಆರಿದಾಗಲೂ ಅವಳ ಕಾಲು ಪೆಡಲಿನಿಂದ ಮೇಲೆದ್ದಿದೆ, ಕಡ್ಡಿ ಗುಂಡಿಯಿಂದ ಒಂದು ಕೂದಲಷ್ಟು ಹೊರಗೆ ಬಂದಿದೆ ಎಂದೇ ನನಗೆ ಅನ್ನಿಸುತ್ತಿತ್ತು. ದೀಪ ಹೊತ್ತಿದರೂ ಧೈರ್ಯ ಬರಲಿಲ್ಲ. ಆ ದೀಪದ ಸ್ವಿಚ್ ಇರುವುದು ಪೆಡಲಿನಲ್ಲಿ. ಕಡ್ಡಿ ಬಿದ್ದು ಹೋಗಿದ್ದರೂ ಪೆಡಲ್ ಅದುಮಿದರೆ ದೀಪ ಹೊತ್ತುತ್ತದೆ. ದೀಪ ನೋಡಿ ಪ್ರಯೋಜನವಿಲ್ಲ, ಕಾರು ನಿಧಾನವಾಯಿತೇ ಎಂದು ನೋಡಬೇಕು. ಹೊತ್ತಿತು, ನಿಧಾನವಾಯಿತು. ಹೊತ್ತಿತು, ನಿಧಾನವಾಯಿತು.

"ಗೇರಲ್ಲಿ ಇಳಿಸ್ತಿದಾಳೆ," ಎಂದರು ಜೆಡೊ. "ಕಮ್ಮಿ ತುಳೀತಿದಾಳೆ. ಒಳ್ಳೇದು."

"ಮುಂದೆ ಹೋಗಿ ಅಡ್ಡ ನಿಲ್ಲಿಸ್ಲಾ?"

"ಬೇಡ. ಗಾಬರಿಗೆ ಜೋರಾಗಿ ತುಳಿದು ಬಿಡ್ತಾಳೆ. ಹಿಂದೇನೇ ಇರು."

ಕೊನೆಯ ತಿರುವು ದಾಟಿದ ಮೇಲೆ ನೇರ ಇಳಿಜಾರು. ಅದರ ತುದಿಯಲ್ಲಿ ಕ್ರಾಸಿಂಗ್‌ನ ಕೆಂಪು ದೀಪಗಳು ಒಂದಾದ ಮೇಲೊಂದು ಮಿಟುಕತೊಡಗಿದವು. ಗಂಟೆ ಬಾರಿಸಿತು. ಗೇಟು ಇಳಿಯಿತು. ಎಡಗಡೆ, ನದಿಯ ಬಾಗಿನಲ್ಲಿ, ಗೂಡ್ಸ್ ರೈಲಿನ ಹಳದಿ ಎಂಜಿನ್ ಕಂಡಿತು.

ಆ ಇನ್ನೂರು ಗಜದಲ್ಲಿ ನಾನು ದೇವರಿಗೆ ಏನೇನು ಕೊಡುತ್ತೇನೆಂದು ಹರಕೆ ಹೊತ್ತೆನೋ ನೆನಪಿಲ್ಲ. ಶೆವೆಲ್‌ನ ದೀಪ ಹೊತ್ತಿತು. ಕಾರು ಹೋಗುತ್ತಲೇ ಇತ್ತು. ಜೆಡೊ ನನ್ನ ಮಂಡಿ ಹಿಡಿದುಕೊಂಡರು. ಆಮೇಲೆ ಅದರ ಬೆನ್ನು ಎದ್ದಿತು, ಮೂತಿ ಬಗ್ಗಿತು, ಗೇಟಿಗೆ ಎರಡು ಮಾರು ಇರುವಾಗ ನಿಂತಿತು. ರೈಲು ಅದರ ಮುಂದೆ ನುಗ್ಗಿತು.

ಪಿಕಪ್ಪಿನಿಂದ ಹಾರಿ ಓಡಿದೆ. ಹೊಸ ಚಪ್ಪಲಿ ಒಂದು ಕಳಚಿ ಹೋಯಿತು. ಲಿಡಿಯಾಳ ಕಿಟಕಿಗೆ ಕೈ ಹಾಕಿ ಅವಳ ಭುಜ ಹಿಡಿದೆ. ಅವಳು ಬರಿಗಾಲಲ್ಲಿದ್ದಳು. ಉಡುಪಿನ ಜಾಲರಿ ಮೂರು ಸುತ್ತಾಗಿ ಪೆಡಲಿನ ಮೇಲೆ ಬಿದ್ದಿತ್ತು.

"ಬ್ರೇಕಿಂದ ಕಾಲು ತೆಗೀಬೇಡ."

"ಯಾಕಮ್ಮ? ಏನಾಯ್ತು?"

"ತೆಗೀಬೇಡ ಅಂದ್ನಲ್ಲಾ. ಹಾಗೇ ಅದುಮಿರು. ಒಂದನೇ ಗೇರ್ ಹಾಕು. ಎಂಜಿನ್ ಆಫ್ ಮಾಡು. ಕ್ಲಚ್ ಮೆಲ್ಲಗೆ ಬಿಡು."

ನನ್ನ ದನಿಯಲ್ಲಿ ಏನಿತ್ತೋ, ಅವಳು ಮರುಮಾತಾಡದೆ ಮಾಡಿದಳು. ಎಂಜಿನ್ ನಿಂತಿತು. ಕ್ಲಚ್ ಬಿಟ್ಟಳು. ಅಷ್ಟರಲ್ಲಿ ಜೆಡೊ ಪಿಕಪ್ಪಿನಲ್ಲಿದ್ದ ಎರಡು ಮರದ ದಿಮ್ಮಿ ತಂದು ಮುಂದಿನ ಗಾಲಿಗಳಿಗೆ ಒದ್ದು ಕೂರಿಸಿದರು.

"ಈಗ ಬಿಡು," ಎಂದೆ.

ಅವಳು ಕಾಲೆತ್ತಿದಳು. ಕಾರು ಒಂದು ಗೇಣು ಮುಂದೆ ಸರಿದು ದಿಮ್ಮಿಗೆ ಒರಗಿ ನಿಂತಿತು. ರೈಲಿನ ಸದ್ದಿನ ನಡುವೆಯೂ ಬಾನೆಟ್ ಕೆಳಗಿನಿಂದ ಒಂದು ಸದ್ದು ನನಗೆ ಸ್ಪಷ್ಟವಾಗಿ ಕೇಳಿತು. ಖಾಲಿ ಡಬ್ಬಿಯಲ್ಲಿ ಕಬ್ಬಿಣದ ಕಡ್ಡಿ ಬಿದ್ದ ಸದ್ದು. ಜೆಡೊಗೂ ಕೇಳಿತು. ಅವರು ಮುಖ ಆ ಕಡೆ ತಿರುಗಿಸಿದರು.

ಲಿಡಿಯಾ ಮತ್ತೆ ಪೆಡಲ್ ಅದುಮಿದಳು. ಅವಳ ಬರಿಗಾಲು ತಡೆಯೇ ಇಲ್ಲದೆ ನೆಲ ಮುಟ್ಟಿತು. ಇನ್ನೊಮ್ಮೆ ಅದುಮಿದಳು. ಕರ್ಟಿಸ್ ಅವಳ ಕಾಲನ್ನೇ ನೋಡುತ್ತಿದ್ದ. ನಾನು ಅವಳಿಗೆ ಎಲ್ಲ ಹೇಳಿದೆ. ಕ್ಯಾಮ್, ಡಬ್ಬಿ, ಗುಂಡಿ, ಬೆರಳಿಟ್ಟು ನೋಡದ್ದು.

"ಗುರುವಾರ ಓಡಿಸಿ ನೋಡ್ದಾಗ ನಾನು ಕೇಳ್ದೆ," ಎಂದಳು ಅವಳು. "ಪೆಡಲ್ ಯಾಕಮ್ಮ ಇಷ್ಟು ಗಟ್ಟಿ ಅಂತ."

"ಕೇಳಿದ್ದೆ."

"ಏನಂದೆ ನೀನು?"

"ಹಳೇ ಬೂಸ್ಟರು, ಹಾಗೇ ಇರುತ್ತೆ ಅಂದೆ."

"ಅವ್ರಿಗೆಲ್ಲ ಹೇಳೋ ಸುಳ್ಳು ನಂಗೂ ಹೇಳ್ದೆ." ಅವಳು ಕೂಗಲಿಲ್ಲ. "ಬಾನೆಟ್ ಎತ್ತಿ ನೋಡೋಳಲ್ಲಮ್ಮ ನಾನು. ಓಡಿಸೋಳು."

ರೈಲಿನ ಕಲ್ಲಿದ್ದಲು ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು.

"ಇನ್ನೇನಿದೆ?" ಎಂದು ಕೇಳಿದಳು.

"ಹ್ಯಾಂಡ್ ಬ್ರೇಕ್. ಕೇಬಲ್ ಇಲ್ಲ."

ಅವಳು ಎಡಗಾಲಿನಿಂದ ಆ ಸಣ್ಣ ಪೆಡಲ್ ಒತ್ತಿದಳು. ಅದು ಎಂದಿನಂತೆ ಕಟಕಟ ಎಂದಿತು.

"ಇನ್ನೇನಿದೆ ಅಮ್ಮ?"

ನಾನು ತಲೆಯೊಳಗೆ ಇಡೀ ಕಾರನ್ನು ಬಿಚ್ಚಿ ನೋಡಿದೆ. ಸ್ಟಿಯರಿಂಗ್, ಆಕ್ಸಲ್, ಪೆಟ್ರೋಲ್ ಕೊಳವೆ, ಸೀಟಿನ ಬೋಲ್ಟು, ಗಾಲಿಯ ನಟ್ಟು, ಒಂದೊಂದೂ. ಎಲ್ಲ ಸರಿಯಿತ್ತು. ಅವೆಲ್ಲ ನಾನು ಎರಡೆರಡು ಸಲ ನೋಡಿ ಬಿಗಿದವು.

"ಇನ್ನೇನೂ ಇಲ್ಲ ಕಣೆ," ಎಂದೆ. "ಮಿಕ್ಕಿದ್ದೆಲ್ಲಾ ಸರಿ ಇದೆ."

ಅದು ನಿಜವಾಗಿತ್ತು. ಲಿಡಿಯಾ ನನ್ನ ಮುಖವನ್ನು ನೋಡಿದಳು, ಭಾನುವಾರದ ಗಂಡಸರು ಬಾನೆಟ್ ಎತ್ತಿ ನನ್ನನ್ನು ನೋಡುವ ಹಾಗೆ. ಆಮೇಲೆ ಕಿಟಕಿಯಿಂದ ನನ್ನ ಕೈಯನ್ನು ಮೆಲ್ಲಗೆ ಸರಿಸಿ, ನನ್ನ ಹಿಂದೆ ನಿಂತವರನ್ನು ಕರೆದಳು.

"ಜೆಡೊ, ನೀವೊಂದ್ಸಲ ನೋಡಿ ಹೇಳ್ತೀರಾ?"

ಜೆಡೊ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು. ನನ್ನ ಕಡೆ ನೋಡಲಿಲ್ಲ. ಎಪ್ಪತ್ತೊಂಬತ್ತು ವರ್ಷದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ರಸ್ತೆಯ ಮೇಲೆ ಮಂಡಿಯೂರಿ, ಆಮೇಲೆ ಅಂಗಾತ ಮಲಗಿ, ನಾನು ಕಟ್ಟಿದ ಕಾರಿನ ಕೆಳಗೆ ತೆವಳಿದರು.